ಹೊಸ್ತಿಲಿಂದ ಎಣಿಸಿ

ಗ್ಲೋಬಿನ ಮೇಲೆ ದಾರ ಎಳೆದು ದೂರ ಅಳೆಯುವ ನನ್ನ ಚಾಳಿ ಈ ಅಂಕಣದ ಓದುಗರಿಗೆ ಗೊತ್ತಿದ್ದದ್ದೇ. ಈ ವಾರ ದಾರ ಹೊರಗೆ ಬರಲು ಕಾರಣ, ಆದೋನಿಯ ನಮ್ಮ ಬೀದಿಯ ಹತ್ತಿ ವ್ಯಾಪಾರಿಯೊಬ್ಬರು. ಅವರ ಮಗಳು ಸ್ಯಾನ್ ಫ್ರಾನ್ಸಿಸ್ಕೊ ಕಡೆ ಇದ್ದಾಳೆ.

“ಮಗಳ ಊರು ನಮಗೆ ಪೂರ್ವಕ್ಕೆ ಬರ್ತದೋ ಪಶ್ಚಿಮಕ್ಕೋ, ಸಾರ್?”

“ಉತ್ತರಕ್ಕೆ ಬರ್ತದ್ರಿ,” ಎಂದೆ.

ಅವರು ನಂಬಲಿಲ್ಲ. ದಾರ ಹಿಡಿದು ತೋರಿಸಿದೆ. ಬೆಂಗಳೂರಿನಿಂದ ಬಿಗಿದ ದಾರ ಟಿಬೆಟ್, ಸೈಬೀರಿಯಾ ಹಾಯ್ದು 71 ಡಿಗ್ರಿ ಉತ್ತರ ಅಕ್ಷಾಂಶದವರೆಗೆ ಏರಿ, ಅಲಾಸ್ಕಾದ ಮೇಲಿಂದ ಇಳಿಯುತ್ತದೆ. ಉದ್ದ ಸುಮಾರು 14,000 ಕಿ.ಮೀ. ಗೋಡೆಯ ನಕ್ಷೆಗೆ ಅಡ್ಡಪಟ್ಟಿ ಇಟ್ಟು ಪೆಸಿಫಿಕ್ ಮೇಲೆ ನೇರ ಗೆರೆ ಎಳೆಯುವವರ ಜೊತೆ ನನ್ನ ಜಗಳ ಹಳೆಯದು. ಆ ಗೆರೆ ಹಿಡಿದು ಹೋದರೆ 16,000 ಕಿ.ಮೀ. ಮೀರುತ್ತದೆ. 1569ರಲ್ಲಿ ಮರ್ಕೇಟರ್ ಅಂಥ ನಕ್ಷೆ ಬರೆದದ್ದು ನಾವಿಕರು ದಿಕ್ಸೂಚಿಯ ಒಂದೇ ಕೋನ ಹಿಡಿದು ಸಾಗಲೆಂದು, ದೂರ ಅಳೆಯಲಿಕ್ಕಲ್ಲ. ಇದನ್ನು ಹೇಳದೆ ಮಕ್ಕಳ ಮುಂದೆ ಆ ನಕ್ಷೆ ತೂಗುಹಾಕುವುದು ತಪ್ಪು ಎಂದೇ ನಾನು ಹೇಳುತ್ತ ಬಂದಿದ್ದೇನೆ.

2021ರ ಜನವರಿಯಲ್ಲಿ ಈ ಎರಡು ಊರುಗಳ ನಡುವಿನ ಏರ್ ಇಂಡಿಯಾದ ಮೊದಲ ನೇರ ವಿಮಾನವನ್ನು ಪೈಲಟ್ ಜೋಯಾ ಅಗರ್ವಾಲ್ ಮತ್ತು ಅವರ ಮಹಿಳಾ ತಂಡ ಸ್ಯಾನ್ ಫ್ರಾನ್ಸಿಸ್ಕೊದಿಂದ ಉತ್ತರ ಧ್ರುವದ ಮೇಲೆ ಹಾರಿಸಿಕೊಂಡು ಬೆಂಗಳೂರಿಗೆ ತಂದಿತು. ಹದಿನೇಳು ಗಂಟೆಗೂ ಮಿಕ್ಕ ಹಾರಾಟ. ಆ ದಿನ ಗ್ಲೋಬನ್ನು ಮೇಜಿನ ಮೇಲೆ ಇಟ್ಟುಕೊಂಡೇ ಕೂತಿದ್ದೆ. ದಾರ ಹೇಳಿದ ಹಾದಿಯನ್ನೇ ಪೈಲಟ್ ಹಿಡಿಯುತ್ತಾರೆಂದಲ್ಲ. ಎತ್ತರದ ಪರ್ವತಗಳನ್ನು ಬಳಸಬೇಕು, ಗಾಳಿ ನೋಡಬೇಕು. ಇಲ್ಲಿಂದ ಹೋಗುವಾಗ ಪಡುವಣ ಗಾಳಿ ಬೆನ್ನಿಗೆ ಸಿಕ್ಕರೆ 16 ಗಂಟೆಯ ಆಸುಪಾಸು. ಚಳಿಗಾಲದಲ್ಲಿ ಅಲ್ಲಿನ ಗಡಿಯಾರ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ಅಂದರೆ, ಇಳಿದಾಗ ಅಲ್ಲಿನ ಮುಳ್ಳು ನಾವು ಹೊರಟ ಹೊತ್ತಿನಿಂದ ಎರಡೂವರೆ ಗಂಟೆ ಮಾತ್ರ ಮುಂದೆ.

ಗಂಟೆಗಳ ಬಗ್ಗೆ ಇನ್ನೂ ಬರೆಯಬೇಕೆಂದಿದ್ದೆ. ಆದರೆ ವ್ಯಾಪಾರಿಗಳ ಎರಡನೇ ಪ್ರಶ್ನೆ ಅದಕ್ಕಿಂತ ದೊಡ್ಡದು: “ಶಂಷಾಬಾದೋ, ದೇವನಹಳ್ಳಿಯೋ?”

ಆದೋನಿಯಿಂದ ಈ ಎರಡೂ ವಿಮಾನ ನಿಲ್ದಾಣಗಳು ಹೆಚ್ಚುಕಡಿಮೆ 300 ಕಿ.ಮೀ. ಎರಡೂ ಶುರುವಾದದ್ದು 2008ರಲ್ಲಿ, ಎರಡು ತಿಂಗಳ ಅಂತರದಲ್ಲಿ. ಎರಡೂ 44ನೇ ರಾಷ್ಟ್ರೀಯ ಹೆದ್ದಾರಿಯ ಬಳಿ, ನಮ್ಮ ಕಡೆಗೆ ಮುಖ ಮಾಡಿ ಕೂತಿವೆ: ಒಂದು ಹೈದರಾಬಾದಿನ ದಕ್ಷಿಣಕ್ಕೆ, ಇನ್ನೊಂದು ಬೆಂಗಳೂರಿನ ಉತ್ತರಕ್ಕೆ. ಊರೊಳಗೆ ನುಗ್ಗುವ ಕೆಲಸವೇ ಇಲ್ಲ. ನಮ್ಮ ಜಿಲ್ಲೆಯದೇ ಆದ ಓರ್ವಕಲ್ಲು ನಿಲ್ದಾಣದಿಂದ 2021ರ ಮಾರ್ಚಿನಲ್ಲಿ ವಿಮಾನಗಳು ಹಾರತೊಡಗಿದವು, ಸರಿ. ಆದರೆ ಅದು ಕರ್ನೂಲನ್ನೂ ದಾಟಿ ನಂದ್ಯಾಲ ರಸ್ತೆಯಲ್ಲಿದೆ.

1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಒಡೆದು ಆದೋನಿ, ಆಲೂರು, ರಾಯದುರ್ಗ ಆಂಧ್ರದ ಪಾಲಾದವು. ಆದರೂ ನಮ್ಮ ಕನ್ನಡ ಮನೆಗಳ ಕಾಲು ಈಗಲೂ ದೇವನಹಳ್ಳಿಯ ಕಡೆಗೇ ಎಳೆಯುತ್ತದೆ. ನಾನೂ ಅದೇ ಪಕ್ಷ. ಆಲೂರು, ಗುಂತಕಲ್ಲು, ಗುತ್ತಿ, ಅನಂತಪುರ ಎಂದು ಕಾಗದದ ಮೇಲೆ ಬರೆದುಕೊಟ್ಟೆ. ಕಾರಿನಲ್ಲಿ ಆರು ಗಂಟೆ, ನಿಲ್ದಾಣದಲ್ಲಿ ಮೂರು, ಆಕಾಶದಲ್ಲಿ ಹದಿನಾರು. ಮಗಳು ಫೋನಿನಲ್ಲಿ ಹೇಳಿದ್ದು ಹದಿನಾರನ್ನು ಮಾತ್ರ. ವ್ಯಾಪಾರಿಗಳು ಪೆನ್ನು ಇಸಿದುಕೊಂಡು ಕೆಳಗೆ 25 ಎಂದು ಬರೆದು, ಎರಡು ಗೆರೆ ಎಳೆದರು.