ಎರಡನೆಯ ಚಿಪ್‌ನ ಅಭ್ಯಾಸ

2005ರ ಜೂನ್ 6ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಡೆದ ಆ್ಯಪಲ್ ಡೆವಲಪರ್ ಸಮ್ಮೇಳನದಲ್ಲಿ ಸ್ಟೀವ್ ಜಾಬ್ಸ್, ಮ್ಯಾಕ್ ಇನ್ನು ಪವರ್‌ಪಿಸಿ ಬಿಟ್ಟು ಇಂಟೆಲ್ ಚಿಪ್‌ಗೆ ಹೋಗುತ್ತದೆ ಎಂದು ಸಾರಿದರು. ಅದು ಎಲ್ಲರಿಗೂ ನೆನಪಿರುವ ಸುದ್ದಿ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಜೊತೆಗೇ ಅವರು ಬಿಟ್ಟುಕೊಟ್ಟ ಗುಟ್ಟು. ಬೆಳಗಿನಿಂದ ವೇದಿಕೆಯ ಮೇಲೆ ಡೆಮೊ ತೋರಿಸುತ್ತಿದ್ದ ಯಂತ್ರದೊಳಗೆ ಇದ್ದದ್ದು 3.6 ಗಿಗಾಹರ್ಟ್ಸ್‌ನ ಪೆಂಟಿಯಂ 4. ಅಷ್ಟೇ ಅಲ್ಲ, ಅದಕ್ಕೂ ಹಿಂದಿನ ಐದು ವರ್ಷ ಮ್ಯಾಕ್ ಓಎಸ್ ಟೆನ್‌ನ ಪ್ರತಿಯೊಂದು ಆವೃತ್ತಿಯನ್ನೂ ಪವರ್‌ಪಿಸಿಗೂ ಇಂಟೆಲ್‌ಗೂ ಕಂಪೈಲ್ ಮಾಡಿಕೊಂಡೇ ಬಂದಿದ್ದರು. ಮಾರಾಟಕ್ಕಿಲ್ಲದ, ಗಿರಾಕಿಯಿಲ್ಲದ, ಮುಂದೆ ಬೇಕಾಗುತ್ತದೆಂಬ ಖಾತ್ರಿಯೂ ಇಲ್ಲದ ಒಂದು ಪ್ರತಿಯನ್ನು ಐದು ವರ್ಷ ಜೀವಂತವಾಗಿ ಇಟ್ಟುಕೊಳ್ಳುವುದು ಸಣ್ಣ ನಿಷ್ಠೆಯಲ್ಲ.

ಆ ನಿಷ್ಠೆಗೆ ಬೇರು ಇನ್ನೂ ಹಿಂದೆ ಇದೆ. ಮ್ಯಾಕ್ ಓಎಸ್ ಟೆನ್ ಹುಟ್ಟಿದ್ದು ನೆಕ್ಸ್ಟ್‌ಸ್ಟೆಪ್ ಎಂಬ ಹಳೆಯ ಓಎಸ್‌ನಿಂದ. ಮೊಟೊರೊಲಾ 68000 ಕುಟುಂಬದ ಚಿಪ್ ಮೇಲೆ ಆರಂಭವಾದ ಆ ಓಎಸ್ 1993ರ ಹೊತ್ತಿಗೇ ಇಂಟೆಲ್‌ಗೆ ಬಂದಿತ್ತು, ಆಮೇಲೆ ಸ್ಪಾರ್ಕ್ ಚಿಪ್‌ಗೂ ಹೋಯಿತು. ಊರೂರು ತಿರುಗಿದ ಓಎಸ್ ಅದು. ಹಾಗಾಗಿ ಪವರ್‌ಪಿಸಿ ಕುಟುಂಬದ ಜಿ5 ಚಿಪ್‌ನ ಬಿಸಿ ತಡೆಯಲಾರದೆ, ಅದನ್ನು ಲ್ಯಾಪ್‌ಟಾಪ್‌ಗೆ ಹಾಕಲಾಗದೆ ಆ್ಯಪಲ್ ಕೈಚೆಲ್ಲಿದಾಗ, ಕಾಲಿಡಲು ಇನ್ನೊಂದು ನೆಲ ಸಿದ್ಧವಾಗಿತ್ತು.

ಓಎಸ್ ಒಂದನ್ನು ಬೇರೆ ಪ್ರೊಸೆಸರ್‌ಗೆ ಪೋರ್ಟ್ ಮಾಡುವುದೆಂದರೆ ಎಲ್ಲವನ್ನೂ ಹೊಸದಾಗಿ ಬರೆಯುವುದು ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ಬಹುಪಾಲು ಕೋಡ್ ಸಿ ಭಾಷೆಯಲ್ಲಿರುತ್ತದೆ. ಹೊಸ ಚಿಪ್‌ಗೆ ಕಂಪೈಲರ್ ಇದ್ದರೆ ಅದು ದಾಟಿಬಿಡುತ್ತದೆ. ಬೂಟ್ ಆಗುವ ಬಗೆ, ಇಂಟರಪ್ಟ್ ಹಿಡಿಯುವ ಬಗೆ, ಮೆಮೊರಿಯ ಪುಟಗಳ ಲೆಕ್ಕ, ಒಂದು ಪ್ರೋಗ್ರಾಮ್‌ನಿಂದ ಇನ್ನೊಂದಕ್ಕೆ ಜಿಗಿಯುವ ಬಗೆ ಇವೆಲ್ಲ ಚಿಪ್‌ಗೇ ಅಂಟಿಕೊಂಡವು. ಇವನ್ನು ಬರೆಯುವುದು ಕಷ್ಟ, ಆದರೆ ಬರೆಯಬೇಕೆಂಬುದು ಮೊದಲೇ ಗೊತ್ತಿರುತ್ತದೆ. ಕಾಡುವುದು ಗೊತ್ತಿಲ್ಲದೆ ಬರೆದಿಟ್ಟದ್ದು.

ನಮ್ಮ 'ಕ' ಅಕ್ಷರವನ್ನೇ ನೋಡಿ. ಯುನಿಕೋಡ್‌ನಲ್ಲಿ ಅದರ ಸಂಕೇತ 0ಸಿ95. ಇದನ್ನು ಎರಡು ಬೈಟ್‌ಗಳಲ್ಲಿ ಇಡುವಾಗ ಪವರ್‌ಪಿಸಿ ಮ್ಯಾಕ್ 0ಸಿ ಮೊದಲು, 95 ಆಮೇಲೆ ಇಡುತ್ತಿತ್ತು. ಇದು ಬಿಗ್ ಎಂಡಿಯನ್ ಕ್ರಮ. ಇಂಟೆಲ್‌ನದು ಲಿಟಲ್ ಎಂಡಿಯನ್: 95 ಮೊದಲು, 0ಸಿ ಆಮೇಲೆ. ಪವರ್‌ಪಿಸಿ ಬರೆದಿಟ್ಟ ಎರಡು ಬೈಟ್‌ಗಳನ್ನು ಇಂಟೆಲ್ ಹಾಗೆಯೇ ಎತ್ತಿಕೊಂಡರೆ ಅದಕ್ಕೆ ಕಾಣುವುದು 950ಸಿ, ಅಂದರೆ ಒಂದು ಚೀನೀ ಲಿಪಿಚಿಹ್ನೆ. ಮ್ಯಾಕ್‌ನ ಎಚ್‌ಎಫ್‌ಎಸ್ ಪ್ಲಸ್ ಫೈಲ್ ಸಿಸ್ಟಮ್ ಕಡತಗಳ ಹೆಸರನ್ನು ಡಿಸ್ಕ್ ಮೇಲೆ ಬಿಗ್ ಎಂಡಿಯನ್ ಕ್ರಮದಲ್ಲೇ ಇಡುತ್ತಿತ್ತು. ಇಂಟೆಲ್‌ಗೆ ಬಂದ ಮೇಲೂ ಅದನ್ನು ಬದಲಿಸಲಿಲ್ಲ. ಹಳೆಯ ಡಿಸ್ಕ್‌ಗಳು ಓದಲು ಸಿಗಬೇಕಲ್ಲ! ಹೀಗಾಗಿ 2017ರಲ್ಲಿ ಎಪಿಎಫ್‌ಎಸ್ ಎಂಬ ಹೊಸ ಫೈಲ್ ಸಿಸ್ಟಮ್ ಬರುವವರೆಗೂ, ಕನ್ನಡದಲ್ಲಿ ಹೆಸರಿಟ್ಟ ಒಂದು ಕಡತವನ್ನು ಯಾರಾದರೂ ಇಂಟೆಲ್ ಮ್ಯಾಕ್‌ನಲ್ಲಿ ಹುಡುಕಿದಾಗಲೆಲ್ಲ ಓಎಸ್‌ನ ತಿರುಳಾದ ಕರ್ನಲ್ ಆ ಬೈಟ್‌ಗಳನ್ನು ಅದಲು ಬದಲು ಮಾಡಿಕೊಂಡೇ ಓದುತ್ತಿತ್ತು. ಇಂಥ ಅದಲು ಬದಲು ಬೇಕಾದ ಜಾಗಗಳನ್ನೆಲ್ಲ ಯಾರೋ ಕೂತು ಒಂದೊಂದಾಗಿ ಹುಡುಕಿರಬೇಕು. ಒಂದು ತಪ್ಪಿದ್ದರೂ ಯಾರದೋ ಕಡತ ಕೆಡುತ್ತಿತ್ತು.

ಇನ್ನೊಂದು ಉದಾಹರಣೆ ನನಗೆ ತುಂಬ ಇಷ್ಟ. ಪೂರ್ಣಾಂಕವೊಂದನ್ನು ಸೊನ್ನೆಯಿಂದ ಭಾಗಿಸಿದರೆ ಪವರ್‌ಪಿಸಿ ಸೊನ್ನೆ ಕೊಟ್ಟು ಸುಮ್ಮನೆ ಮುಂದೆ ಹೋಗುತ್ತಿತ್ತು. ಇಂಟೆಲ್ ಹಾಗೆ ಬಿಡುವುದಿಲ್ಲ, ಪ್ರೋಗ್ರಾಮನ್ನು ಅಲ್ಲೇ ನಿಲ್ಲಿಸುತ್ತದೆ. ವರ್ಷಗಟ್ಟಲೆ ಸರಿಯಾಗಿ ಓಡುತ್ತಿದೆ ಎಂದುಕೊಂಡಿದ್ದ ಕೋಡ್ ಹೊಸ ಚಿಪ್ ಮೇಲೆ ಮೊದಲ ದಿನವೇ ಬಿದ್ದರೆ, ತಪ್ಪು ಹೊಸ ಚಿಪ್‌ನದಲ್ಲ. ಮೊದಲಿನಿಂದಲೂ ಇದ್ದ ತಪ್ಪು ಅದು. ಹಳೆಯ ಚಿಪ್ ಮುಚ್ಚಿಟ್ಟಿತ್ತು.

ಇದನ್ನು ಎಲ್ಲರಿಗಿಂತ ಚೆನ್ನಾಗಿ ಅರಿತಿದ್ದವರು ಮೈಕ್ರೋಸಾಫ್ಟ್‌ನಲ್ಲಿ ವಿಂಡೋಸ್ ಎನ್‌ಟಿ ಕಟ್ಟಿದ ಡೇವ್ ಕಟ್ಲರ್ ತಂಡದವರು ಎಂಬುದು ನನ್ನ ಅಭಿಪ್ರಾಯ. ಜಗತ್ತಿನ ಬಹುಪಾಲು ಪಿಸಿಗಳು ಇಂಟೆಲ್‌ನ ಎಕ್ಸ್86 ಚಿಪ್ ಮೇಲೆ ಓಡುತ್ತಿದ್ದಾಗ ಅವರು ಬೇಕೆಂದೇ ಅದನ್ನು ಬಿಟ್ಟು, ಇಂಟೆಲ್‌ನದೇ ಬೇರೊಂದು ಚಿಪ್ ಐ860ಕ್ಕೆ ಕೋಡ್ ಬರೆಯಲು ಆರಂಭಿಸಿದರು. ಆಮೇಲೆ ಮಿಪ್ಸ್ ಚಿಪ್‌ಗೆ ಬಂದರು. ಪರಿಚಿತ ಚಿಪ್‌ನ ಚಾಳಿಗಳು ಕರ್ನಲ್‌ನೊಳಗೆ ನುಸುಳಬಾರದು ಎಂಬುದೇ ಉದ್ದೇಶ. 1993ರಲ್ಲಿ ಎನ್‌ಟಿ ಹೊರಬಂದಾಗ ಎಕ್ಸ್86 ಮತ್ತು ಮಿಪ್ಸ್ ಎರಡರ ಮೇಲೂ ಓಡುತ್ತಿತ್ತು. ಮಿಪ್ಸ್ ಆವೃತ್ತಿಯನ್ನು ಕೊಂಡವರು ಎಷ್ಟೇ ಇರಲಿ, ಅದು ಮಾಡಿದ ಉಪಕಾರ ಎಕ್ಸ್86 ಆವೃತ್ತಿಗೆ.

ಆ್ಯಪಲ್‌ನದೇ 1994ರ ವಲಸೆ ಇದಕ್ಕೆ ತದ್ವಿರುದ್ಧ. 68000ದಿಂದ ಪವರ್‌ಪಿಸಿಗೆ ಹೋದಾಗ ಹಳೆಯ ಚಿಪ್ಪನ್ನು ಅನುಕರಿಸುವ ಎಮ್ಯುಲೇಟರ್ ಎಷ್ಟು ಚೆನ್ನಾಗಿತ್ತೆಂದರೆ, ಓಎಸ್‌ನ ದೊಡ್ಡ ಭಾಗವೇ ಹಳೆಯ ಕೋಡ್ ಆಗಿ ಉಳಿದು ಆ ಎಮ್ಯುಲೇಟರ್ ಮೇಲೆ ಓಡುತ್ತಿತ್ತು. ಬಳಸುವವರಿಗೆ ತೊಂದರೆಯಾಗಲಿಲ್ಲ, ಅದು ದೊಡ್ಡ ಸಾಧನೆಯೇ. ಆದರೆ ಓಎಸ್ ಪೋರ್ಟ್ ಆಯಿತು ಎನ್ನಲು ನನಗೆ ಮನಸ್ಸಾಗುವುದಿಲ್ಲ.

ಜನರ ಪ್ರೋಗ್ರಾಮ್‌ಗಳ ಮಾತು ಬೇರೆ. ಅಲ್ಲಿ ಅನುವಾದ ಬೇಕೇ ಬೇಕು. 2006ರಲ್ಲಿ ಇಂಟೆಲ್ ಮ್ಯಾಕ್‌ಗಳು ಅಂಗಡಿಗೆ ಬಂದವು. ಮೈಕ್ರೋಸಾಫ್ಟ್ ಆಫೀಸ್ ಅವಕ್ಕಾಗಿಯೇ ಕಂಪೈಲ್ ಆಗಿ ಬಂದದ್ದು 2008ರಲ್ಲಿ. ನಡುವಿನ ಕಾಲವನ್ನು ದಾಟಿಸಿದ್ದು ರೊಸೆಟ್ಟಾ ಎಂಬ ಆ್ಯಪಲ್‌ನ ಅನುವಾದಕ. 2020ರಲ್ಲಿ ಮ್ಯಾಕ್ ಇಂಟೆಲ್ ಬಿಟ್ಟು ಆರ್ಮ್‌ಗೆ, ಅಂದರೆ ಎಂ1 ಚಿಪ್‌ಗೆ ಹೋದಾಗ ರೊಸೆಟ್ಟಾ 2 ಬಂತು. ಈ ಬಾರಿ ಬೈಟ್‌ಗಳ ಕ್ರಮದ ಜಗಳವಿರಲಿಲ್ಲ, ಎರಡೂ ಲಿಟಲ್ ಎಂಡಿಯನ್. ತಕರಾರು ಇನ್ನೂ ಸೂಕ್ಷ್ಮವಾದದ್ದು. ಒಂದು ಕೋರ್ ಮೆಮೊರಿಗೆ ಮೊದಲು ಬರೆದದ್ದು ಉಳಿದ ಕೋರ್‌ಗಳಿಗೂ ಮೊದಲೇ ಕಾಣುತ್ತದೆ ಎಂದು ಇಂಟೆಲ್ ಮಾತು ಕೊಡುತ್ತದೆ. ಆರ್ಮ್ ಕೊಡುವುದಿಲ್ಲ. ಆ ಮಾತನ್ನು ನಂಬಿ ಬರೆದ ಕೋಡ್ ಆರ್ಮ್ ಮೇಲೆ ನೂರು ಸಲ ಸರಿಯಾಗಿ ಓಡಿ ನೂರಾ ಒಂದನೆಯ ಸಲ ಕೆಡಬಹುದು. ಅದಕ್ಕೆ ಆ್ಯಪಲ್ ಎಂಜಿನಿಯರುಗಳು ಎಂ1 ಚಿಪ್‌ನೊಳಗೇ, ಅನುವಾದಿತ ಪ್ರೋಗ್ರಾಮ್ ಓಡುವಾಗ ಮಾತ್ರ ಇಂಟೆಲ್‌ನಂತೆ ಕ್ರಮ ಪಾಲಿಸುವ ಒಂದು ವ್ಯವಸ್ಥೆ ಇಟ್ಟರು. ಹಳೆಯ ಚಿಪ್‌ನ ಸ್ವಭಾವವನ್ನು ಹೊಸ ಸಿಲಿಕಾನ್‌ನಲ್ಲಿ ಕೆತ್ತಿ ಕೊಡುವಷ್ಟು ಕಾಳಜಿ! ಆದರೆ ಆರ್ಮ್‌ಗೇ ಕಂಪೈಲ್ ಆದ ಪ್ರೋಗ್ರಾಮ್‌ಗೆ ಈ ರಕ್ಷಣೆ ಇಲ್ಲ. ಅದು ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳಬೇಕು.

1991ರಲ್ಲಿ ಲಿನಸ್ ಟೊರ್ವಾಲ್ಡ್ಸ್, ಮುಂದೆ ಲಿನಕ್ಸ್ ಎನಿಸಿದ ತಮ್ಮ ಓಎಸ್‌ನ ಸುದ್ದಿ ಮೊದಲ ಸಲ ಹೇಳಿದಾಗ, ಅದು 386 ಚಿಪ್‌ಗೆ ಕಟ್ಟುಬಿದ್ದದ್ದು, ಬೇರೆಡೆ ಓಡದು ಎಂದೇ ತಿಳಿಸಿದ್ದರು. ಆಮೇಲೆ ಅವರ ಕೈಗೆ ಡಿಇಸಿ ಕಂಪನಿಯ 64 ಬಿಟ್ ಆಲ್ಫಾ ಯಂತ್ರ ಬಂತು. 1995ರ ಲಿನಕ್ಸ್ 1.2 ಆಲ್ಫಾದ ಮೇಲೂ ಓಡಿತು. ಚಿಪ್‌ಗೆ ಅಂಟಿದ್ದೆಲ್ಲ ಒಂದು ಕಡೆ, ಉಳಿದದ್ದೆಲ್ಲ ಇನ್ನೊಂದು ಕಡೆ ಎಂಬ ಶಿಸ್ತು ಕರ್ನಲ್‌ಗೆ ಗಟ್ಟಿಯಾಗಿ ಬಂದದ್ದು ಆ ಕೆಲಸದಿಂದ. 2018ರ ಜನವರಿಯಲ್ಲಿ ಬಂದ 4.15ನೇ ಆವೃತ್ತಿಯಲ್ಲಿ ರಿಸ್ಕ್-5 ಎಂಬ ಮುಕ್ತ ಆರ್ಕಿಟೆಕ್ಚರ್‌ಗೂ ಅಲ್ಲಿ ಜಾಗ ಸಿಕ್ಕಿತು. ಅದೇ ವರ್ಷ ಮದ್ರಾಸ್ ಐಐಟಿಯವರು ಅದೇ ಆರ್ಕಿಟೆಕ್ಚರ್ ಮೇಲೆ ತಾವು ವಿನ್ಯಾಸ ಮಾಡಿದ 'ಶಕ್ತಿ' ಚಿಪ್ ಮೇಲೆ ಲಿನಕ್ಸ್ ಬೂಟ್ ಮಾಡಿ ತೋರಿಸಿದರು. ಚಿಪ್ ಕಟ್ಟಿದವರು ಓಎಸ್ ಕಟ್ಟುತ್ತ ಕೂರಬೇಕಾಗಲಿಲ್ಲ.