ರಕ್ತನಿಷೇಧ ಮತ್ತು ಕಥೋಲಿಕ ವ್ಯಾಖ್ಯಾನ

ಆದಿಕಾಂಡದ ಮೊದಲನೆಯ ಅಧ್ಯಾಯದಲ್ಲಿ ದೇವರು ಮಾನವನಿಗೆ ಆಹಾರವಾಗಿ ಕೊಟ್ಟುದು ಬೀಜವುಳ್ಳ ಸಸ್ಯಗಳನ್ನೂ ಫಲಗಳನ್ನೂ ಮಾತ್ರ. ಮಾಂಸಕ್ಕೆ ಅನುಮತಿ ದೊರೆಯುವುದು ಒಂಬತ್ತನೆಯ ಅಧ್ಯಾಯದಲ್ಲಿ, ಜಲಪ್ರಳಯದ ತರುವಾಯ, ನೋವನಿಗೆ. ಅದಕ್ಕೂ ಒಂದು ಕಟ್ಟುಂಟು: ರಕ್ತವೇ ಪ್ರಾಣವಾದುದರಿಂದ ರಕ್ತಸಹಿತವಾದ ಮಾಂಸವನ್ನು ತಿನ್ನಕೂಡದು. ಕೊಲ್ಲುವ ಅಧಿಕಾರ ಪಡೆದವನಿಗೂ ಪ್ರಾಣವು ತನ್ನ ಸ್ವತ್ತಲ್ಲವೆಂದು ಊಟದಲ್ಲಿಯೇ ನೆನಪಿಸುವ ವಿಧಿಯಿದು.

ಜೆರುಸಲೇಮಿನ ಸಭೆಯಲ್ಲಿ ಪ್ರೇಷಿತರು ಅನ್ಯಜನಾಂಗದ ವಿಶ್ವಾಸಿಗಳಿಗೂ ಇದನ್ನು ಅನ್ವಯಿಸಿದರು. ಆದರೆ ಫಾಸ್ಟಸನ ಖಂಡನಗ್ರಂಥದಲ್ಲಿ ಸಂತ ಅಗಸ್ಟೀನರು, ಯೆಹೂದ್ಯರೂ ಅನ್ಯರೂ ಒಂದಾಗಬೇಕಿದ್ದ ಕಾಲಕ್ಕೆ ಮಾತ್ರ ಇದು ಸಲ್ಲುವುದೆಂದರು. ರಕ್ತ ಸುರಿಸದೆ ಕೊಂದ ಮೊಲವನ್ನು ಮುಟ್ಟಲಂಜುವವನನ್ನು ಜನ ನಗುತ್ತಾರೆಂದೂ ಬರೆದರು. 1442ರಲ್ಲಿ ಫ್ಲಾರೆನ್ಸ್ ಮಹಾಸಭೆ ಈ ಅರ್ಥವನ್ನೇ ಸ್ಥಿರಪಡಿಸಿತು. ಪ್ರೇಷಿತರ ವಿಧಿಯ ಮಟ್ಟಿಗೆ ವಾದ ಬಲವಾದುದೇ. ರಕ್ತವೇ ಪ್ರಾಣವೆಂಬ ಮೂಲ ಕಾರಣಕ್ಕೆ ಅದು ಸಾಲದು.

ಈ ಕೊರತೆ ಸಂತ ಥಾಮಸ್ ಅಕ್ವಿನಾಸರಲ್ಲಿ ಎದ್ದು ಕಾಣುತ್ತದೆ. ಪರರ ಎತ್ತನ್ನು ಕೊಂದವನು ಪಾಪಿ, ನಿಜ. ಆದರೆ ಅವರ ಪ್ರಕಾರ ಆ ಪಾಪ ಒಡೆಯನ ಸ್ವತ್ತಿಗೆ ತಂದ ನಷ್ಟ. ಎತ್ತಿನ ಪ್ರಾಣ ಲೆಕ್ಕಕ್ಕೇ ಬಾರದು! ಆದಿಕಾಂಡ ಸ್ವತ್ತಲ್ಲವೆಂದುದು ಇಲ್ಲಿ ಸ್ವತ್ತಾಗಿಯೇ ಉಳಿಯಿತು.

1992ರ ಧರ್ಮೋಪದೇಶ ಗ್ರಂಥ ಮಾಂಸಾಹಾರವನ್ನು ಒಪ್ಪಿಯೂ, ಪ್ರಾಣಿಗಳನ್ನು ನಿಷ್ಕಾರಣವಾಗಿ ನೋಯಿಸುವುದು, ಕೊಲ್ಲುವುದು ಮಾನವನ ಘನತೆಗೆ ವಿರುದ್ಧವೆನ್ನುತ್ತದೆ. ಅಳತೆಗೋಲು ಇನ್ನೂ ಮಾನವನದೇ. 2015ರ ‘ಲೌದಾತೊ ಸಿ’ ಪತ್ರದಲ್ಲಿ ಪೋಪ್ ಫ್ರಾನ್ಸಿಸರು ಇತರ ಜೀವಿಗಳಿಗೂ ದೇವರೆದುರು ಸ್ವಂತ ಬೆಲೆಯುಂಟೆಂದರು. ಊಟದ ಮೊದಲೂ ಕೊನೆಯೂ ಕೃತಜ್ಞತೆ ಸಲ್ಲಿಸುವ ರೂಢಿಗೆ ಮರಳಿರೆಂದೂ ಕೇಳಿಕೊಂಡರು. ನೋವನ ವಿಧಿ ತೆರವು ಮಾಡಿದ ಎಡೆಯಲ್ಲಿ ಈಗ ನಿಂತಿರುವುದು ಈ ಪ್ರಾರ್ಥನೆಯೊಂದೇ.