ಅಡಿಗೆರೆ ಎಳೆದ ಪದ

1968ರಲ್ಲಿ ಮೆಂಫಿಸ್ ನಗರದ ಪೌರಕಾರ್ಮಿಕರು ಹಿಡಿದ ಫಲಕವನ್ನು ಕನ್ನಡಕ್ಕೆ ತರಲು ಕೂತರೆ ಮೊದಲ ಹೆಜ್ಜೆಯಲ್ಲೇ ಎಡವುತ್ತೇವೆ. ‘ಐ ಆ್ಯಮ್ ಎ ಮ್ಯಾನ್’. ಬಿಳಿ ರಟ್ಟಿನ ಮೇಲೆ ದಪ್ಪ ಅಕ್ಷರದ ನಾಲ್ಕು ಪದ, ‘ಆ್ಯಮ್’ ಕೆಳಗೆ ಒಂದು ಗೆರೆ. ಕನ್ನಡದಲ್ಲಿ ‘ನಾನು ಮನುಷ್ಯ’ ಅಂದರೆ ಮಾತು ಮುಗಿಯಿತು, ನಡುವೆ ಕ್ರಿಯಾಪದವೇ ಬೇಡ. ಗೆರೆ ಎಳೆಯಲು ನಮ್ಮ ವಾಕ್ಯದಲ್ಲಿ ಜಾಗವೇ ಇಲ್ಲ. ‘ನಾನೂ ಮನುಷ್ಯ’ ಅಂದರೆ ಅದು ಅರ್ಜಿಯಾಗುತ್ತದೆ, ನಿಮ್ಮ ಪಂಕ್ತಿಯಲ್ಲಿ ನನಗೂ ಒಂದು ಎಲೆ ಹಾಕಿ ಅಂದಂತೆ. ‘ನಾನು ಮನುಷ್ಯನೇ’ ಅಂದರೆ ಯಾರದೋ ಅನುಮಾನಕ್ಕೆ ಸಮಜಾಯಿಷಿ ಕೊಟ್ಟಂತೆ. ಆ ಫಲಕ ಅರ್ಜಿಯೂ ಅಲ್ಲ, ಸಮಜಾಯಿಷಿಯೂ ಅಲ್ಲ. ಮೇಲಾಗಿ ‘ಮ್ಯಾನ್’ ಅನ್ನುವುದು ಅಲ್ಲಿ ‘ಬಾಯ್’ ಅನ್ನುವುದಕ್ಕೆ ಎದುರು ನಿಂತ ಪದ. ಅಮೆರಿಕದ ದಕ್ಷಿಣದ ಊರುಗಳಲ್ಲಿ ತಲೆ ನರೆತ ಕಪ್ಪು ಗಂಡಸನ್ನೂ ಬಿಳಿಯರು ‘ಬಾಯ್’ ಎಂದೇ ಕೂಗುತ್ತಿದ್ದರು. ಗೌಡರ ಮನೆಯ ಮಗುವಿನಿಂದಲೂ ಏಕವಚನ ಕೇಳಿಸಿಕೊಂಡು ಅಂಗಳದಲ್ಲೇ ನಿಂತ ಹಿರಿಯರನ್ನು ಕಂಡಿರುವ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಆ ವರ್ಷ ಫೆಬ್ರುವರಿ 1ರಂದು ಮಳೆ ಸುರಿಯುತ್ತಿದ್ದಾಗ ಕಸದ ಲಾರಿಯೊಳಗೆ ಆಸರೆ ಪಡೆದಿದ್ದ ಎಕೋಲ್ ಕೋಲ್ ಮತ್ತು ರಾಬರ್ಟ್ ವಾಕರ್ ಎಂಬ ಇಬ್ಬರು ಕಾರ್ಮಿಕರನ್ನು, ಕಸ ಹಿಂಡುವ ಯಂತ್ರ ತಾನಾಗಿ ಚಾಲೂ ಆಗಿ ಅರೆದುಹಾಕಿತು. ಹನ್ನೊಂದು ದಿನಗಳಲ್ಲಿ ಸುಮಾರು 1,300 ಮಂದಿ ಕೆಲಸ ನಿಲ್ಲಿಸಿದರು. ಫಲಕಗಳು ಅಚ್ಚಾದದ್ದು ಕ್ಲೇಬಾರ್ನ್ ಟೆಂಪಲ್ ಎಂಬ ಚರ್ಚಿನಲ್ಲಿ.

ಅಚ್ಚಾದದ್ದು ಎಂಬುದನ್ನು ಗಮನಿಸಬೇಕು. ಪ್ರತಿಭಟನೆಯ ಕಲೆಯನ್ನು ಮೆಚ್ಚುವವರು ಕೈಬರಹವನ್ನೇ ಹೊಗಳುತ್ತಾರೆ. ಸೊಟ್ಟ ಅಕ್ಷರ, ಬಲತುದಿಗೆ ಬರುವಾಗ ಜಾಗ ಸಾಲದೆ ಇಕ್ಕಟ್ಟಾಗುವ ಕೊನೆಯ ಪದ, ಮಾರ್ಕರ್ ಒಣಗಿ ಮಂಕಾದ ಗೆರೆ, ಇವೆಲ್ಲ ಪ್ರಾಮಾಣಿಕತೆಯ ಗುರುತು ಎಂಬ ನಂಬಿಕೆ ಇದೆ. ಮೆಂಫಿಸ್‌ನ ಫಲಕದಲ್ಲಿ ಇವು ಯಾವುವೂ ಇಲ್ಲ. ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸವಿಲ್ಲ. ಆದರೂ ಇಪ್ಪತ್ತನೆಯ ಶತಮಾನದ ಬೀದಿ ಬರಹಗಳಲ್ಲಿ ಇದಕ್ಕೆ ಸಾಟಿಯಾದದ್ದು ನನಗೆ ಇನ್ನೂ ಸಿಕ್ಕಿಲ್ಲ. ಕಾರಣ ಆ ಸರ್ವನಾಮ. ಸಂಘಟನೆಯ ಭಾಷೆ ‘ನಾವು’ ಅನ್ನಬೇಕಿತ್ತು. ಇಲ್ಲಿ ನೂರಾರು ಜನ ಒಟ್ಟಿಗೆ ನಡೆಯುತ್ತ ‘ನಾನು’ ಎನ್ನುತ್ತಿದ್ದಾರೆ. ಅಕ್ಷರ ಒಂದೇ ಇರುವುದರಿಂದಲೇ ಅದರ ಹಿಂದಿನ ಮುಖಗಳು ಬೇರೆಬೇರೆಯಾಗಿ ಕಾಣುತ್ತವೆ. ಟೋಪಿ ಒಂದು ತೆರ, ನಡಿಗೆ ಒಂದು ತೆರ, ದಣಿವು ಒಂದು ತೆರ.

ಮಾರ್ಚ್ 28ರ ಮೆರವಣಿಗೆಯಲ್ಲಿ, ಮಾರ್ಟಿನ್ ಲೂಥರ್ ಕಿಂಗ್ ಮುಂದೆ ನಡೆದ ಆ ದಿನ, ಕೆಲವು ಹುಡುಗರು ಫಲಕದ ಕೋಲುಗಳಿಂದಲೇ ಅಂಗಡಿಗಳ ಗಾಜು ಒಡೆದರು, ಪೊಲೀಸರು ಮುಗಿಬಿದ್ದರು. ಮರುದಿನದ ಫೋಟೋಗಳನ್ನು ನೋಡಿ. ಫಲಕ ಕೋಲಿನಿಂದ ಇಳಿದು ಎದೆಗೆ ಬಂದಿದೆ. ಒಂದು ಪಕ್ಕ ಬಯೊನೆಟ್ ಚಾಚಿ ನಿಂತ ನ್ಯಾಷನಲ್ ಗಾರ್ಡ್ ಸೈನಿಕರು, ಇನ್ನೊಂದು ಪಕ್ಕ ಯುದ್ಧವಾಹನಗಳು, ನಡುವೆ ಒಂಟಿ ಸಾಲು. ಬಯೊನೆಟ್ಟಿನ ಮೊನೆ ಎಷ್ಟು ಎತ್ತರದಲ್ಲಿದೆಯೋ ಅಕ್ಷರವೂ ಅಷ್ಟೇ ಎತ್ತರದಲ್ಲಿದೆ. ಆ ಅಡಿಗೆರೆಯ ತೂಕ ಅರ್ಥವಾಗುವುದು ಇಲ್ಲಿ. ಕನ್ನಡದಲ್ಲಿ ಅದನ್ನು ಬರೆಯಲಾಗದು, ಹೀಗೆ ನಿಂತು ತೋರಿಸಬಹುದು ಅಷ್ಟೆ. ಕಿಂಗ್ ಅದೇ ಊರಿನಲ್ಲಿ ಏಪ್ರಿಲ್ 4ರಂದು ಗುಂಡಿಗೆ ಬಲಿಯಾದರು. 16ರಂದು ನಗರಾಡಳಿತ ಕಾರ್ಮಿಕ ಸಂಘವನ್ನು ಒಪ್ಪಿಕೊಂಡಿತು.

(28ರ ಮೆರವಣಿಗೆಗೆ ಮುನ್ನ ಫಲಕ ಹಿಡಿದು ಸಾಲಾಗಿ ನಿಂತ ಕಾರ್ಮಿಕರ ಪ್ರಸಿದ್ಧ ಫೋಟೋ ತೆಗೆದ ಅರ್ನೆಸ್ಟ್ ವಿದರ್ಸ್ ಎಫ್‌ಬಿಐಗೆ ಸುದ್ದಿ ಮುಟ್ಟಿಸುತ್ತಿದ್ದರು ಎಂಬುದು 2010ರಲ್ಲಿ ಬಯಲಾಯಿತು. ಇದನ್ನು ತಿಳಿದ ಮೇಲೆ ಆ ಫೋಟೋ ನೋಡುವುದು ನನಗೆ ಕಷ್ಟವಾಗಿದೆ. ಅಲ್ಲಿ ನಿಂತವರ ಘನತೆ ಮಾತ್ರ ಒಂದು ಕೂದಲೆಳೆಯಷ್ಟೂ ಕುಗ್ಗಿಲ್ಲ.)

ಗ್ಲೆನ್ ಲೈಗನ್ ಎಂಬ ಕಲಾವಿದ 1988ರಲ್ಲಿ ಇದೇ ಪದಗಳನ್ನು ಕ್ಯಾನ್ವಾಸಿನ ಮೇಲೆ ಬರೆದರು. ಅದು ಈಗ ವಾಷಿಂಗ್ಟನ್‌ನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಬಣ್ಣ ಬಿರುಕು ಬಿಟ್ಟಾಗ ಅವರು ಅದನ್ನು ಮುಚ್ಚಿಡಲಿಲ್ಲ. ಸಂರಕ್ಷಣಾ ತಜ್ಞರಿಂದ ಪ್ರತಿ ಬಿರುಕು, ಪ್ರತಿ ಕಲೆಯನ್ನೂ ಗುರುತು ಹಾಕಿಸಿ, 2000ದಲ್ಲಿ ‘ಕಂಡೀಷನ್ ರಿಪೋರ್ಟ್’ ಎಂಬ ಇನ್ನೊಂದು ಕೃತಿ ಮಾಡಿದರು. ಫಲಕಕ್ಕೆ ಈಗ ಹಿಡಿಯುವ ಕೈ ಇಲ್ಲ ಎಂಬುದನ್ನು ಒಪ್ಪಿಕೊಂಡ ಕೃತಿಗಳಿವು. ಅದಕ್ಕಾಗಿ ನನಗೆ ಅವುಗಳ ಮೇಲೆ ಗೌರವವಿದೆ.

ಆ ಒಪ್ಪಿಗೆ ಕಾಣದ್ದು 2020ರ ಹಳದಿ ಅಕ್ಷರಗಳಲ್ಲಿ. ಮಿನಿಯಾಪೊಲಿಸ್‌ನಲ್ಲಿ ಮೇ 25ರಂದು ಜಾರ್ಜ್ ಫ್ಲಾಯ್ಡ್ ಪೊಲೀಸನ ಮೊಣಕಾಲ ಕೆಳಗೆ ಸತ್ತರು. ಜೂನ್ 5ರಂದು ವಾಷಿಂಗ್ಟನ್ ಮೇಯರ್ ಮ್ಯೂರಿಯೆಲ್ ಬೌಸರ್ ಶ್ವೇತಭವನದ ಎದುರಿನ 16ನೇ ಬೀದಿಯಲ್ಲಿ ‘ಬ್ಲ್ಯಾಕ್ ಲೈವ್ಸ್ ಮ್ಯಾಟರ್’ ಎಂದು ಬರೆಸಿದರು. ಎರಡು ಬ್ಲಾಕ್ ಉದ್ದ, ಒಂದೊಂದು ಅಕ್ಷರ 35 ಅಡಿ. ಮೇಲಿನಿಂದ ತೆಗೆದ ಚಿತ್ರ ಜಗತ್ತನ್ನೆಲ್ಲ ಸುತ್ತಿತು. ಆದರೆ ಆ ಬೀದಿಯಲ್ಲಿ ನಡೆಯುವವನಿಗೆ ಅದನ್ನು ಓದಲಾಗುತ್ತಿರಲಿಲ್ಲ, ಅವನ ಕಾಲ ಕೆಳಗೆ ಬರೀ ಹಳದಿ. ಪ್ರತಿಭಟನೆಯ ಬರಹ ಎದುರಿಗಿರುವವನ ಕಣ್ಣಿಗೆ ಕಣ್ಣು ಕೊಡಬೇಕು, ಇದು ಆಕಾಶಕ್ಕೆ ಮಾತಾಡಿತು. ಮಾತಾಡಿದ್ದು ಯಾರು ಎಂಬ ಪ್ರಶ್ನೆ ಇನ್ನೂ ದೊಡ್ಡದು. ಪೊಲೀಸರಿಗೆ ಸಂಬಳ ಕೊಡುವ ನಗರಾಡಳಿತವೇ ಪೊಲೀಸರ ವಿರುದ್ಧದ ಘೋಷಣೆಯನ್ನು ತನ್ನ ಬಣ್ಣದಲ್ಲಿ ಬರೆಯಿತು. ಬರೆದದ್ದಕ್ಕೆ ಅದು ಯಾವ ಏಟನ್ನೂ ತಿನ್ನಬೇಕಿರಲಿಲ್ಲ. ಮರುದಿನವೇ ಹೋರಾಟಗಾರರು ಬಂದು, ಕೊನೆಯಲ್ಲಿದ್ದ ನಗರದ ಬಾವುಟದ ನಕ್ಷತ್ರಗಳನ್ನು ಅಳಿಸಿದರು. ಉಳಿದ ಎರಡು ಪಟ್ಟಿಗಳು ಸಮ ಚಿಹ್ನೆಯಾದವು. ಅದರ ಮುಂದೆ ‘ಡಿಫಂಡ್ ದ ಪೊಲೀಸ್’ ಎಂದು ಬರೆದರು. ಪೊಲೀಸ್ ಬಜೆಟ್ ಕಡಿತ ಬೇಕೋ ಬೇಡವೋ, ಅದು ಬೇರೆ ಚರ್ಚೆ. ಆ ಕೃತಿಯ ಬಗ್ಗೆ ಬಂದ ಅತ್ಯುತ್ತಮ ವಿಮರ್ಶೆ ಅದೇ.

ಅಮೆರಿಕದ ಸಂಸತ್ತಿನಲ್ಲಿ ನಗರದ ಅನುದಾನ ತಡೆಯುವ ಬೆದರಿಕೆ ಬಂದ ಮೇಲೆ 2025ರ ಮಾರ್ಚ್‌ನಲ್ಲಿ ಆ ಅಕ್ಷರಗಳನ್ನು ಅಗೆದು ತೆಗೆದರು. ಅಗೆದದ್ದು ತಪ್ಪು, ನನಗೆ ಅದರಿಂದ ನೋವಾಯಿತು. ಹಾಗೆಂದು ಆ ಕೃತಿ ನನ್ನ ಕಣ್ಣಲ್ಲಿ ಈಗ ಬಲವಾಗಿಬಿಟ್ಟಿಲ್ಲ.

2020ರಲ್ಲಿ ಆ ಅಕ್ಷರಗಳ ಪಕ್ಕದಲ್ಲೇ, ಲಫಾಯೆಟ್ ಚೌಕಕ್ಕೆ ಹಾಕಿದ್ದ ಎತ್ತರದ ಬೇಲಿಯ ಮೇಲೆ, ಬೇರೆಯದೇ ಒಂದು ಕೆಲಸ ನಡೆಯುತ್ತಿತ್ತು. ಜನರನ್ನು ದೂರ ಇಡಲು ಹಾಕಿದ ಬೇಲಿಗೆ ಜನರೇ ರಟ್ಟು, ಬಟ್ಟೆ, ಚಿತ್ರ, ಸತ್ತವರ ಹೆಸರು ತಂದು ಕಟ್ಟಿದರು. ಎಲ್ಲವೂ ಒಳ್ಳೆಯವು ಎನ್ನಲಾರೆ. ಫೋನಿನ ಕ್ಯಾಮೆರಾಕ್ಕೆಂದೇ ಬರೆದ ಜಾಣ ಮಾತುಗಳು ಆ ವರ್ಷದ ಫಲಕಗಳಲ್ಲಿ ಬೇಕಾದಷ್ಟಿದ್ದವು, ಓದಿದ ಕ್ಷಣಕ್ಕೆ ಮೆಚ್ಚುಗೆ ಹುಟ್ಟಿ ಸತ್ತವನು ಮರೆತುಹೋಗುವಂಥವು. ಬರೀ ಒಂದು ಹೆಸರು, ಒಂದು ವಯಸ್ಸು ಬರೆದ ರಟ್ಟುಗಳ ಮುಂದೆ ಅವು ನಿಲ್ಲುವುದಿಲ್ಲ.

ಬೇಲಿಗೆ ಕಟ್ಟಿ ಹೋದ ಫಲಕಕ್ಕೂ ಹಿಡಿಯುವ ಕೈ ಇಲ್ಲ. ಅಕ್ಟೋಬರ್‌ನಲ್ಲಿ ಕೆಲವರು ಬಂದು ಅವನ್ನು ಕಿತ್ತು ಹರಿದು ಹಾಕಿದರು. ಆಮೇಲೆ ಸ್ವಯಂಸೇವಕರು ಬಂದರು. ಹರಿದದ್ದನ್ನು ಆಯ್ದು, ಟೇಪು ಅಂಟಿಸಿ, ಮತ್ತೆ ಕಟ್ಟಿದರು. ಇನ್ನೊಬ್ಬರು ಬರೆದ ರಟ್ಟುಗಳಿಗಾಗಿ ಆ ಚಳಿಗಾಲದ ರಾತ್ರಿಗಳಲ್ಲಿ, 2021ರ ಜನವರಿ ಕೊನೆಯವರೆಗೆ, ಸರದಿಯ ಮೇಲೆ ಕಾವಲು ನಿಂತರು. ಅವುಗಳಲ್ಲಿ ಕೆಲವು ಈಗ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ.